ಇಂಟರ್ನಲ್ ಆಡಿಟ್‌ಗೆ ಹೊರಗಿನವರನ್ನು ಸೇರಿಸಿಕೊಂಡವರು ದಯವಿಟ್ಟು ಹೇಳಿ

ಹೂಟಗಳ್ಳಿಯಿಂದ ಪ್ರಶ್ನೆ:
ನಮ್ಮದು ವಾಹನಗಳ ಬಿಡಿಭಾಗ ಮಾಡುವ ಪ್ರೈವೇಟ್ ಕಂಪನಿ. ಹೋದ ವರ್ಷ ವಹಿವಾಟು 200 ಕೋಟಿ ದಾಟಿತು. ಇಂಟರ್ನಲ್ ಆಡಿಟ್‌ಗೆ, ಅಂದರೆ ಲೆಕ್ಕ ಮತ್ತು ಕೆಲಸ ಸರಿಯಾಗಿ ನಡೆಯುತ್ತಿದೆಯೇ ಅಂತ ಕಂಪನಿಯೇ ಮಾಡಿಸುವ ಪರೀಕ್ಷೆಗೆ, ಇರುವುದು ನಾನು ಮತ್ತು ಇನ್ನೊಬ್ಬರು, ಅಷ್ಟೇ. ಒಂದು ಪಾಲು ಕೆಲಸವನ್ನು ಹೊರಗಿನ ಪರಿಣತರಿಗೆ ಕೊಡೋಣ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತಿದೆ. ಯಾವುದನ್ನು ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು? ಮಾಡಿ ನೋಡಿದವರು ಹೇಳಿ.

ಮೈಸೂರಿನ ಒಬ್ಬ ಸಿಎ:
2013ರ ಕಂಪನಿ ಕಾಯ್ದೆಯ 138ನೇ ಸೆಕ್ಷನ್ ಈಗ ನಿಮಗೆ ಅನ್ವಯಿಸುತ್ತದೆ. ಹಿಂದಿನ ವರ್ಷದ ವಹಿವಾಟು 200 ಕೋಟಿ ಮುಟ್ಟಿದ್ದರೆ, ಇಲ್ಲವೇ ಬ್ಯಾಂಕ್ ಸಾಲ ಒಂದು ದಿನವಾದರೂ 100 ಕೋಟಿ ದಾಟಿದ್ದರೆ, ಪ್ರೈವೇಟ್ ಕಂಪನಿಗೂ ಇಂಟರ್ನಲ್ ಆಡಿಟರ್ ಇರಲೇಬೇಕು. ನೌಕರರೇ ಆಗಬಹುದು, ಹೊರಗಿನವರೂ ಆಗಬಹುದು. ಆದರೆ ನಿಮ್ಮ ವಾರ್ಷಿಕ ಲೆಕ್ಕಕ್ಕೆ ಸಹಿ ಹಾಕುವ ಆಡಿಟರ್‌ಗೇ ಇದನ್ನೂ ಕೊಡಬೇಡಿ, 144ನೇ ಸೆಕ್ಷನ್ ಬಿಡುವುದಿಲ್ಲ. "ಗೊತ್ತಿರೋರು, ಕಡಿಮೆಗೆ ಮಾಡ್ತಾರೆ" ಅಂತ ಎಷ್ಟೋ ಮಾಲೀಕರು ಕೇಳುತ್ತಾರೆ. ಒಪ್ಪಬೇಡಿ.

ನಂಜನಗೂಡಿನ ಕಾರ್ಖಾನೆಯೊಂದರ ಆಡಿಟ್ ವಿಭಾಗದಿಂದ:
ನಮಗೆ ಹೊರಗಿನವರು ಬೇಕೇ ಬೇಕು ಅನ್ನಿಸಿದ್ದು ಕಂಪ್ಯೂಟರ್ ವಿಷಯದಲ್ಲಿ. ಸಾಫ್ಟ್‌ವೇರ್‌ನಲ್ಲಿ ಯಾರಿಗೆ ಏನು ಅಧಿಕಾರ ಇದೆ ಅಂತ ತೆಗೆದು ನೋಡಲು ನಮಗೆ ಬರುತ್ತಿರಲಿಲ್ಲ. ಅದು ಬಲ್ಲವರೊಬ್ಬರು ಬಂದು ಎರಡೇ ದಿನದಲ್ಲಿ ತೋರಿಸಿದರು. ಹೊಸ ಸಪ್ಲೈಯರ್ ಹೆಸರು ಸೇರಿಸುವವರೇ ಅವರ ಬಿಲ್ಲನ್ನೂ ಪಾಸ್ ಮಾಡಬಹುದಿತ್ತು. ಕೆಲಸ ಬಿಟ್ಟು ಹೋದವರ ಲಾಗಿನ್ ಕೂಡ ನಡೆಯುತ್ತಿತ್ತು. ಪುಣ್ಯಕ್ಕೆ ಹಣ ಹೋಗಿರಲಿಲ್ಲ. ಇಂಥದ್ದಕ್ಕೆ ಕೊಟ್ಟ ಫೀಸು ದಂಡ ಅಲ್ಲ.

ಆ ಖುಷಿಯಲ್ಲಿ ಮುಂದಿನ ವರ್ಷ ಸ್ಟೋರ್ಸ್, ಗುಜರಿ ಎಲ್ಲವನ್ನೂ ಒಂದು ಹೊರಗಿನ ಸಂಸ್ಥೆಗೆ ಒಪ್ಪಿಸಿಬಿಟ್ಟೆವು. ಎಡವಿದ್ದು ಅಲ್ಲೇ. ಮಾತುಕತೆಗೆ ಬಂದವರು ಹಿರಿಯ ಪಾರ್ಟ್‌ನರ್. ಕೆಲಸಕ್ಕೆ ಬಂದವರು ಆರ್ಟಿಕಲ್‌ಶಿಪ್ (ಸಿಎ ಓದುವವರ ತರಬೇತಿ) ಮಾಡುತ್ತಿದ್ದ ಇಬ್ಬರು ಹುಡುಗರು. ಅವರದೇನೂ ತಪ್ಪಿಲ್ಲ, ಪಾಪ, ರಾತ್ರಿವರೆಗೂ ಕೂತು ಕೆಲಸ ಮಾಡಿದರು. ಬಿಲ್ಲು, ತೂಕದ ಚೀಟಿ, ಗೇಟ್ ಪಾಸ್ ಮೂರೂ ತಾಳೆಯಾಗುತ್ತಿದ್ದವು. ಆದರೆ ಗುಜರಿ ಲಾರಿ ಹೊರಡುವುದು ಶನಿವಾರ ಸಂಜೆ. ಅವರು ಇದ್ದದ್ದು ಮಂಗಳವಾರದಿಂದ ಶುಕ್ರವಾರ. ತಾಮ್ರದ ತುಂಡುಗಳು ಕಬ್ಬಿಣದ ಗುಜರಿಯ ಅಡಿಯಲ್ಲಿ, ಕಬ್ಬಿಣದ ದರಕ್ಕೇ ಹೋಗುತ್ತಿದ್ದವು. ಕಾಗದದಲ್ಲಿ ಅದು ಕಾಣುವುದಿಲ್ಲ, ಲಾರಿ ಪಕ್ಕ ನಿಲ್ಲಬೇಕು. ಹಾಗೆ ನಿಲ್ಲುತ್ತಿದ್ದ ನಮ್ಮ ಹಳೆಯ ಗುಮಾಸ್ತರನ್ನು, ಇನ್ನು ಬೇಡ ಅಂತ ನಾವೇ ಬೇರೆ ವಿಭಾಗಕ್ಕೆ ಕಳಿಸಿದ್ದೆವು. ನನಗೆ ಇವತ್ತಿಗೂ ಜಾಸ್ತಿ ಬೇಜಾರಾಗುವುದು ಅದಕ್ಕೇ.

ಆಮೇಲೆ ಒಪ್ಪಂದ ಬದಲಾಯಿಸಿದೆವು. ಯಾರು ಬರುತ್ತಾರೆ ಅಂತ ಹೆಸರು ಸಮೇತ ಬರೆಸಿಕೊಂಡೆವು. ಜೊತೆಗೆ ನಮ್ಮವರೊಬ್ಬರು ಇರಲೇಬೇಕು. ವರ್ಕಿಂಗ್ ಪೇಪರ್‌ಗಳ (ಏನೇನು ಪರೀಕ್ಷಿಸಿದರು, ಏನು ಸಿಕ್ಕಿತು ಅಂತ ಅವರು ಬರೆದಿಟ್ಟ ಕಾಗದಗಳ) ಪ್ರತಿ ನಮಗೆ ಕೊಡಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬರುವವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ವರದಿ ಅಕೌಂಟ್ಸ್ ಮುಖ್ಯಸ್ಥರ ಕೈಗಲ್ಲ, ನೇರ ಬೋರ್ಡಿಗೆ. ಇನ್ನು ಈ ವರ್ಷ ಯಾವುದನ್ನು ಪರೀಕ್ಷಿಸಬೇಕು ಅನ್ನುವ ತೀರ್ಮಾನ ಮಾತ್ರ ನಿಮ್ಮದೇ ಇರಲಿ. ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.

ಮಂಡ್ಯದ ಅಕ್ಕಿ ಗಿರಣಿಯವರು:
ನಮ್ಮದು ಚಿಕ್ಕದು, ಆ 200 ಕೋಟಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಹೇಳುತ್ತೇನೆ. ನಮ್ಮಲ್ಲಿಗೆ ಬಂದವರಿಗೆ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಭತ್ತ ಗೊತ್ತಿರಲಿಲ್ಲ. ಗೋದಾಮಿನಲ್ಲಿ ತೂಕ ಕಡಿಮೆ ಬಂತು ಅಂತ ಕಳವು ಎಂದೇ ಬರೆದರು. ಸುಗ್ಗಿಯ ಹಸಿ ಭತ್ತ ಒಣಗಿದರೆ ತೂಕ ಇಳಿಯುತ್ತದೆ ಅಲ್ವಾ? ತೇವ ಶೇ. 20ರಿಂದ 14ಕ್ಕೆ ಇಳಿದರೆ 100 ಕ್ವಿಂಟಲ್ ಭತ್ತ 93 ಆಗುತ್ತದೆ. ಸುಮ್ನೆ ಗೋದಾಮಿನ ಹುಡುಗನ ಮೇಲೆ ಅಪವಾದ ಬಂತು, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅವನು. ವರದಿ ಗಟ್ಟಿ ಮಾಡುವ ಮೊದಲು ಆ ಕೆಲಸ ಮಾಡುವವರನ್ನು ಕೂರಿಸಿಕೊಂಡು ಕೇಳಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಈಗ ನಾವು ಭತ್ತ ಒಳಗೆ ಬರುವಾಗಲೇ ತೇವ ಅಳೆದು ಚೀಟಿಯಲ್ಲಿ ಬರೆಯುತ್ತೇವೆ.

ಮೇಟಗಳ್ಳಿಯಿಂದ:
ಸಂಬಳದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕಳಿಸಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲೇ, ನೋಡಲು ಮಾತ್ರ ಬರುವ ಲಾಗಿನ್ ಕೊಡಿ. ಕೆಲಸ ಮುಗಿದ ದಿನವೇ ಅದನ್ನು ಮುಚ್ಚಿಸಿ.

ಹೂಟಗಳ್ಳಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಫ್ಟ್‌ವೇರ್ ಪರೀಕ್ಷೆ ಹೊರಗೆ ಕೊಡಿ, ಸ್ಟೋರ್ಸ್ ಮತ್ತು ಗುಜರಿ ನಮ್ಮ ಕೈಯಲ್ಲೇ ಇರಲಿ ಅಂತ ಬರೆದು ಕೊಡುತ್ತೇನೆ. ನಮ್ಮ ಗುಜರಿ ಲಾರಿ ಯಾವಾಗ ಹೊರಡುತ್ತದೆ ಅಂತ ಈಗಷ್ಟೇ ಗೇಟಿಗೆ ಫೋನ್ ಮಾಡಿ ಕೇಳಿದೆ. ಭಾನುವಾರ ಬೆಳಿಗ್ಗೆಯಂತೆ. ಈ ವಾರ ನಾನೇ ಹೋಗಿ ನಿಲ್ಲುತ್ತೇನೆ.