ದೊಡ್ಡಪ್ಪನ ಮೆದುಳಿನ ಮಾತ್ರೆ

ದೊಡ್ಡಪ್ಪ: (ಫಾರ್ವರ್ಡ್) 24 ಗಂಟೆಯಲ್ಲಿ ಮುದಿ ಮೆದುಳಿಗೆ ಯೌವನ!! ವಿಟಮಿನ್ ಬಿ3, ಗ್ರೀನ್ ಟೀ ಸಾಕು. ಹತ್ತು ಜನರಿಗೆ ಕಳಿಸಿ 🙏

ದೊಡ್ಡಪ್ಪ: ನಾನು ಆಗಲೇ ಒಂದು ಬಾಟಲಿ ಮಾತ್ರೆ ತರಿಸಿದ್ದೇನೆ.

ರಮೇಶಣ್ಣ: ಯಾರು ಹೇಳಿದ್ದು? ಲಿಂಕ್ ಹಾಕಿ.

ಚಿಕ್ಕಮ್ಮ: ನಿನಗೆ ಎಲ್ಲದಕ್ಕೂ ಲಿಂಕ್. 2018ರ ಮಳೆಯಲ್ಲಿ ಡ್ಯಾಮ್ ಒಡೆಯಿತು ಅಂತ ಆಡಿಯೋ ಹಾಕಿದ್ದು ಯಾರು? ಅಜ್ಜಿಯನ್ನು ನಡುರಾತ್ರಿ ಎಬ್ಬಿಸಿ ಜೀಪಿಗೆ ಹತ್ತಿಸಿದೆವು.

ರಮೇಶಣ್ಣ: ನನಗೂ ಯಾರೋ ಕಳಿಸಿದ್ದು. ಆವತ್ತಿನಿಂದಲೇ ನಾನು ಲಿಂಕ್ ಕೇಳುವುದು.

ಮಾವ: ರಾತ್ರಿ ಎಲ್ಲರೂ ಫೋನ್ ಇಟ್ಟು ಹೊತ್ತಿಗೆ ಸರಿಯಾಗಿ ಮಲಗಿ. ಮೆದುಳು ತಾನಾಗಿ ಚುರುಕಾಗುತ್ತದೆ.

ವಾಸು ಬಾವ: ಅಜ್ಜಿ ಯಾವ ಮಾತ್ರೆ ನುಂಗಿದ್ದರು? ಎಂಬತ್ತೈದರಲ್ಲೂ ಕಾಫಿ ಹಣ್ಣು ತೂಗುವಾಗ ಕಣದ ಪಕ್ಕ ಕೂತು ಯಾರದು ಎಷ್ಟು ಕೆಜಿ ಅಂತ ಬಾಯಲ್ಲೇ ಲೆಕ್ಕ. ಕಿವಿ ಮೇಲೆ ಪೆನ್ಸಿಲ್ ತುಂಡು, ಕೈಯಲ್ಲಿ ಬೆಲ್ಲದ ಕಾಫಿ ❤️

ನಾನು: ದೊಡ್ಡಪ್ಪ, ಪೂರ್ತಿ ಹುಡುಕಿ ಓದಿದೆ. ಸುದ್ದಿ ಪೂರಾ ಸುಳ್ಳಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನವರ ಕೆಲಸ, 2025ರದ್ದು. ವಯಸ್ಸಾದಂತೆ ನರಕೋಶದಲ್ಲಿ ಜಿಟಿಪಿ ಅನ್ನುವ ಇಂಧನ ಕಮ್ಮಿಯಾಗುತ್ತದೆ. ಆಗ ಕೋಶಕ್ಕೆ ತನ್ನ ಕಸ ತಾನು ಗುಡಿಸಿಕೊಳ್ಳಲು ಆಗುವುದಿಲ್ಲ. ಬಿ3ಯ ಒಂದು ರೂಪ ಮತ್ತು ಗ್ರೀನ್ ಟೀಯ ಒಂದು ಅಂಶ ಹಾಕಿ 24 ಗಂಟೆ ಇಟ್ಟಾಗ ಜಿಟಿಪಿ ಮತ್ತೆ ಏರಿತು. ಆದರೆ ಅವು ಇಲಿಯ ಕೋಶಗಳು, ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ್ದು. ಆ ಬಿ3 ಬಾಯಲ್ಲಿ ನುಂಗಿದರೆ ರಕ್ತದಲ್ಲೇ ಕೆಲಸ ಕಳೆದುಕೊಳ್ಳುತ್ತದೆ ಅಂತ ಅವರೇ ಹೇಳಿದ್ದಾರೆ.

ನಾನು: ಗ್ರೀನ್ ಟೀ ಕುಡಿಯಿರಿ, ಬೇಡ ಅನ್ನಲ್ಲ. ಅದರ ಸಾರದ ಮಾತ್ರೆ ಬೇರೆ. ಆ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆ ಆಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ನೀವು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಬೇರೆ ತಗೊಳ್ತೀರಿ. ಡಾಕ್ಟರನ್ನು ಕೇಳದೆ ಬಾಟಲಿ ತೆರೆಯಬೇಡಿ, ದಯವಿಟ್ಟು.

ವಾಸು ಬಾವ: ಇಷ್ಟುದ್ದ ಯಾರು ಓದುತ್ತಾರೆ ಮಾರಾಯ್ತಿ? ಅಜ್ಜಿಯ ಲೆಕ್ಕದ ಪುಸ್ತಕ ಈಗ ಯಾರ ಹತ್ತಿರ ಇದೆ?

ಚಿಕ್ಕಮ್ಮ: ಮನೆ ಪಾಲಾದಾಗ ಯಾರು ಹೊತ್ತುಕೊಂಡು ಹೋದರು ಅಂತ ಎಲ್ಲರಿಗೂ ಗೊತ್ತು.

ರಮೇಶಣ್ಣ: ಹಾಗಾದರೆ ಹಿತ್ತಾಳೆ ಹಂಡೆ ವಿಷಯ ನಾನೂ ಎತ್ತಬೇಕಾ?

ಮಾವ: ಸಾಕು ಮಾಡಿ.

ನಾನು: ದೊಡ್ಡಪ್ಪ, ಯಾಕೆ ತರಿಸಿದಿರಿ? ಏನಾದರೂ ಮರೆತು ಹೋಗ್ತಿದೆಯಾ?

ದೊಡ್ಡಪ್ಪ: ಸೋಮವಾರ ಗೋದಾಮಿನ ಬೀಗದ ಕೈ ಎಲ್ಲಿಟ್ಟೆ ಅಂತ ಹೊಳೆಯಲೇ ಇಲ್ಲ. ಇನ್ನೂ ಸಿಕ್ಕಿಲ್ಲ. ಮೆಣಸಿನ ಚೀಲ ಒಳಗೇ ಇದೆ. ನಿನ್ನ ದೊಡ್ಡಮ್ಮನಿಗೆ ಹೇಳಿಲ್ಲ.

ದೊಡ್ಡಮ್ಮ: ನಾನೂ ಈ ಗುಂಪಿನಲ್ಲೇ ಇದ್ದೇನೆ.

ನಾನು: ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮಡಿಕೇರಿಗೆ ಬರುತ್ತೇನೆ. ಬಾಟಲಿ ತಗೊಂಡು ಡಾಕ್ಟರ ಹತ್ತಿರ ಹೋಗೋಣ. ಬಂದು ಬೀಗದ ಕೈ ಹುಡುಕೋಣ.