ಹಾಸನ–ಚನ್ನರಾಯಪಟ್ಟಣ ಚತುಷ್ಪಥ: ಎಡಪಥವೋ ಬಲಪಥವೋ?

ಪ್ರಶ್ನೆ

ಕೆಲಸದ ನಿಮಿತ್ತ ವಾರಕ್ಕೆ ಐದು ದಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಕಾರಿನಲ್ಲಿ ಹೋಗಿಬರುತ್ತೇನೆ. ಗಂಟೆಗೆ 80 ಕಿ.ಮೀ. ದಾಟುವುದಿಲ್ಲ. ಎಡಕ್ಕೇ ಇರಬೇಕೆಂದು ಕಲಿತವನು ನಾನು; ಆದರೆ ಎಡಪಥದಲ್ಲಿ ಎದುರಿನಿಂದಲೇ ಬರುವ ಬೈಕುಗಳು, ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸುಗಳು, ಸುಗ್ಗಿ ಬಂತೆಂದರೆ ಡಾಂಬರಿನ ಮೇಲೇ ಹರಡಿದ ರಾಗಿ, ಹುರುಳಿ. ಕಳೆದ ವಾರ ಮುಸ್ಸಂಜೆಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರ್ ತೀರಾ ಹತ್ತಿರಕ್ಕೆ ಬಂದಮೇಲೆ ಕಣ್ಣಿಗೆ ಬಿತ್ತು. ಹೊರಗೆ ಚಾಚಿಕೊಂಡಿದ್ದ ಹುಲ್ಲು ಕಾರಿನ ಎಡಗನ್ನಡಿಗೆ ಸವರಿತು. ಬಲಪಥ ಖಾಲಿಯಿದ್ದುದರಿಂದ ಉಳಿದುಕೊಂಡೆ. ಅಂದಿನಿಂದ ಬಲಪಥ ಬಿಟ್ಟಿಲ್ಲ. ಇದು ತಪ್ಪೇ?

ಉತ್ತರ 1

ನಿಮ್ಮ ಭಯ ನ್ಯಾಯವಾದದ್ದೇ. ಆದರೂ ಬಲಪಥದಲ್ಲಿ ನೆಲೆ ನಿಲ್ಲುವುದನ್ನು ನಾನು ಒಪ್ಪಲಾರೆ. ಎಡಕ್ಕೆ ಸಾಗಬೇಕು, ಬಲದಿಂದ ಹಿಂದಿಕ್ಕಬೇಕು ಎಂಬುದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಮೂಲ ಸೂತ್ರ. ವಿಭಜಕವಿರುವ ಚತುಷ್ಪಥದಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ವೇಗ 100 ಕಿ.ಮೀ. ನೀವು 80ರಲ್ಲಿ ಬಲಪಥ ಹಿಡಿದರೆ ಹಿಂದಿನವನು ತಾಳ್ಮೆಗೆಟ್ಟು ಎಡದಿಂದ ನುಗ್ಗುತ್ತಾನೆ. ನೀವು ಅಂಜುತ್ತಿರುವ ಆ ಬೈಕು ಸವಾರ ಇರುವುದೂ ಅಲ್ಲಿಯೇ.

ಹಿಂದಿಕ್ಕುವುದಕ್ಕೆ ಎಷ್ಟು ಜಾಗ ಬೇಕೆಂದು ಒಮ್ಮೆ ಲೆಕ್ಕ ಹಾಕಿ. ಲಾರಿ 60ರಲ್ಲಿ, ನೀವು 80ರಲ್ಲಿದ್ದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಮಾತ್ರ ಮುಂದಾಗುತ್ತೀರಿ. ಅದರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ 80 ಮೀಟರ್ ಎಂದರೂ ಹದಿನೈದು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ನೀವು ರಸ್ತೆಯಲ್ಲಿ 330 ಮೀಟರ್ ಸಾಗಿರುತ್ತೀರಿ. ಆದ್ದರಿಂದ ಎಡಪಥದಲ್ಲಿ ದೂರಕ್ಕೆ ಕಣ್ಣಿಟ್ಟು, ಅಡ್ಡಿ ಕಾಣುತ್ತಲೇ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನವಾಗಿ ಬಲಕ್ಕೆ ಬನ್ನಿ. ಹಿಂದಿಕ್ಕಿದ ವಾಹನ ಒಳಗನ್ನಡಿಯಲ್ಲಿ ಪೂರ್ತಿ ಕಂಡ ಮೇಲೆ ಎಡಕ್ಕೆ ಮರಳಿ. ಕತ್ತಲಾದ ಮೇಲೆ ಮಾತ್ರ ವೇಗವನ್ನೇ ಇಳಿಸಬೇಕು; ಡಿಪ್ ಬೆಳಕು ತೋರಿಸುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗ ಯಾವ ಪಥದಲ್ಲೂ ಹೆಚ್ಚೇ.

ಉತ್ತರ 2

ಹದಿನೆಂಟು ವರ್ಷದಿಂದ ಇದೇ ದಾರಿಯಲ್ಲಿ ಮಂಗಳೂರಿಗೆ ಲಾರಿ ಓಡಿಸುತ್ತಿದ್ದೇನೆ. ನಮ್ಮವರು ಬಲಪಥ ಬಿಡುವುದಿಲ್ಲವೆಂಬ ದೂರು ಸುಳ್ಳಲ್ಲ, ಅದು ತಪ್ಪೆಂದೂ ಒಪ್ಪುತ್ತೇನೆ. ಆದರೆ ಲೋಡ್ ಇರುವ ಗಾಡಿಯನ್ನು ಎಡದಲ್ಲಿ ಪ್ರತಿ ಬಸ್ಸಿನ ಹಿಂದೆ ನಿಲ್ಲಿಸಿ ಮತ್ತೆ ಎರಡನೇ ಗೇರಿನಿಂದ ಎತ್ತುವುದರಲ್ಲಿ ಡೀಸೆಲ್ಲೂ ಹೋಗುತ್ತದೆ, ಬ್ರೇಕೂ ಕಾಯುತ್ತದೆ. ಅದಕ್ಕೇ ಹಲವರು ಬಲಕ್ಕೆ ಅಂಟಿಕೊಳ್ಳುತ್ತಾರೆ.

ಬಲಪಥ ಸುರಕ್ಷಿತವೆಂಬ ನಂಬಿಕೆಯನ್ನು ಮಾತ್ರ ದಯವಿಟ್ಟು ಬಿಡಿ. ಊರುಗಳ ಬಳಿ ವಿಭಜಕ ತೆರೆದಿರುವ ಕಡೆ, ಯು ತಿರುವಿಗೆ ಕಾಯುವ ಟ್ರ್ಯಾಕ್ಟರಿನ ಮೂತಿ ಬಲಪಥದೊಳಕ್ಕೇ ಬಂದಿರುತ್ತದೆ, ನಡುವಿನ ಕಣಗಿಲೆ ಗಿಡಗಳ ಮರೆಯಲ್ಲಿ ಅದು ಕಾಣುವುದೂ ಇಲ್ಲ. ದನ ದಾಟುವುದೂ ಅಲ್ಲಿಂದಲೇ. ಅಂಥ ಕಡೆ ನಾನು ಎಡಕ್ಕೆ ಬಂದು 50ಕ್ಕೆ ಇಳಿಸುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗಿಡಗಳ ಮರೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಈ ದಿನ ಬೆಳಗ್ಗೆ ಎಡಪಥದಲ್ಲೇ ಹೊರಟೆ. ಶಾಂತಿಗ್ರಾಮ ದಾಟುವಷ್ಟರಲ್ಲಿ ನಾಲ್ಕು ಬಾರಿ ಬಲಕ್ಕೆ ಹೋಗಿ ಮರಳಬೇಕಾಯಿತು, ಹಿಂದಿನಿಂದ ಹಾರ್ನ್ ಒಮ್ಮೆಯೂ ಕೇಳಿಸಲಿಲ್ಲ. ಸಂಜೆ ಕತ್ತಲಾಗುವ ಮುನ್ನವೇ ಹೊರಡಲು ಕಚೇರಿಯಲ್ಲಿ ಅರ್ಧ ಗಂಟೆಯ ಅನುಮತಿ ಕೇಳಿದ್ದೇನೆ.