ಮದರಸಾದಲ್ಲಿ ಹಿಂದೂ ಮಕ್ಕಳು: ಜೊತೆಗೆ ಕೂತರೆ ಸಾಕಾ?

ಮಲೆನಾಡ ಮೇಷ್ಟ್ರು:
ಪಶ್ಚಿಮ ಬಂಗಾಳದ ಪೂರ್ವ ಬರ್ಧಮಾನ್ ಜಿಲ್ಲೆಯಲ್ಲಿ ಓರ್ಗ್ರಾಮ್ ಅಂತ ಒಂದು ಊರು. ಅಲ್ಲಿನ ಹೈ ಮದರಸಾದಲ್ಲಿ, ಅಂದ್ರೆ ರಾಜ್ಯದ ಮದರಸಾ ಬೋರ್ಡಿಗೆ ಸೇರಿದ ಹೈಸ್ಕೂಲಿನಲ್ಲಿ, ಹಿಂದೂ ಮಕ್ಕಳೇ ಜಾಸ್ತಿ ಅಂತ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಗಣಿತ, ವಿಜ್ಞಾನ, ಬಂಗಾಳಿ, ಇಂಗ್ಲಿಷ್ ಎಲ್ಲ ಇದೆ. ಜೊತೆಗೆ ಅರೇಬಿಕ್, ‘ಇಸ್ಲಾಂ ಪರಿಚಯ’. ನಾವು ಬಹುಸಂಸ್ಕೃತಿ ಅಂತ ಸೆಮಿನಾರ್ ಮಾಡುತ್ತೇವೆ, ಅವರು ಸುಮ್ನೆ ಪಾಠ ಮಾಡುತ್ತಿದ್ದಾರೆ. ಏನಂತೀರಿ?

ಉಪ್ಪಿನಕಾಯಿ:
ಇದರಲ್ಲಿ ಸಂಸ್ಕೃತಿ ಎಲ್ಲಿ ಬಂತು ಮೇಷ್ಟ್ರೇ? ಶಾಲೆ ಹತ್ತಿರ ಇದೆ, ಸರ್ಟಿಫಿಕೇಟು ಅಲ್ಲಿನ ಹತ್ತನೇ ಕ್ಲಾಸಿಗೆ ಸಮ. ಅಪ್ಪ ಅಮ್ಮ ನೋಡುವುದು ಅಷ್ಟೇ.

ಬಾನು ಟೀಚರ್:
ಇರಲಿ ಬಿಡಿ. ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದೂ ಅದಕ್ಕೇ. ಹತ್ತು ವರ್ಷ ಯೇಸುವಿನ ಪ್ರಾರ್ಥನೆ ಹಾಡಿದೆ, ಸಂಜೆ ಮನೆಯಲ್ಲಿ ಕುರಾನ್ ಓದಿದೆ. ನನ್ನ ತಕರಾರೇ ಬೇರೆ. ಹಿಂದೂ ಹುಡುಗಿ ಇಸ್ಲಾಂ ಬಗ್ಗೆ ಓದಿ ಪರೀಕ್ಷೆ ಬರೆಯುತ್ತಾಳೆ. ಪಕ್ಕದ ಬೆಂಚಿನ ಮುಸ್ಲಿಂ ಹುಡುಗ ಅವಳ ಮನೆಯ ಪೂಜೆ ಬಗ್ಗೆ ಯಾವ ಪುಸ್ತಕದಲ್ಲಿ ಓದಬೇಕು? ಇದು ಒಂದೇ ಕಡೆಯ ಪರಿಚಯ ಆಯ್ತಲ್ವಾ?

ಗದಗಿನ ವಕೀಲ:
ಟೀಚರ್ ಮಾತು ಸರಿ. ಕಾನೂನಿನದೂ ಒಂದು ಮಾತಿದೆ. ಸಂವಿಧಾನದ 28(3)ನೇ ವಿಧಿ ಪ್ರಕಾರ, ಸರ್ಕಾರದ ಹಣ ಪಡೆಯುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಧರ್ಮ ಬೋಧಿಸುವುದು ಬೇರೆ, ಧರ್ಮದ ಬಗ್ಗೆ ತಿಳಿಸುವುದು ಬೇರೆ. ‘ಪರಿಚಯ’ ಎರಡನೆಯದಾದರೆ ತೊಂದರೆಯಿಲ್ಲ. ಅದು ಪಾಠ ಮಾಡುವವರ ಕೈಯಲ್ಲಿದೆ. ಅಂದ ಹಾಗೆ, ಅಲ್ಲಿನ ಅನುದಾನಿತ ಮದರಸಾಗಳ ಶಿಕ್ಷಕರನ್ನು ಆಯೋಗದ ಮೂಲಕ ಆರಿಸುವ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಎತ್ತಿಹಿಡಿಯಿತು. ಹಿಂದೂ ಶಿಕ್ಷಕರೂ ಅಲ್ಲಿದ್ದಾರೆ.

ಉಪ್ಪಿನಕಾಯಿ:
ಹಾಗಾದರೆ ಮದರಸಾ ಅನ್ನುವ ಹೆಸರು ಯಾಕೆ? ಶಾಲೆ ಅನ್ನಲಿ.

ಮಲೆನಾಡ ಮೇಷ್ಟ್ರು:
ಅರೇಬಿಕ್‌ನಲ್ಲಿ ಮದರಸಾ ಅಂದ್ರೆ ಶಾಲೆ ಅಂತಲೇ ಅಪ್ಪಾ! ಆದರೆ ಬಂಗಾಳದಲ್ಲಿ ಬೋರ್ಡಿಗೆ ಸೇರದ ಖಾರಿಜಿ ಮದರಸಾಗಳೂ ಇವೆ. ಅಲ್ಲಿ ಮುಖ್ಯವಾಗಿ ಧರ್ಮದ ಪಾಠವೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಉಪ್ಪಿನಕಾಯಿ:
ಈ ವ್ಯತ್ಯಾಸ ಗೊತ್ತಿರಲಿಲ್ಲ. ಆದರೂ ಆ ಹಿಂದೂ ಪೋಷಕರ ಒಪ್ಪಿಗೆಯನ್ನು ಯಾರಾದರೂ ಬರೆಸಿಕೊಳ್ಳುತ್ತಾರಾ?

ಬಾನು ಟೀಚರ್:
ಒಳ್ಳೆ ಪ್ರಶ್ನೆ. ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಶಾರದಾ ಪೂಜೆಗೆ ನಮ್ಮ ಮಕ್ಕಳನ್ನು ಕೂರಿಸುವಾಗ ಮನೆಯವರನ್ನು ಕೇಳಿದ್ದಿರಾ?

ಮಲೆನಾಡ ಮೇಷ್ಟ್ರು:
ಇಲ್ಲ ಟೀಚರೇ. ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಮೂವತ್ತು ವರ್ಷ ಪೂಜೆಯ ಪ್ರಸಾದ ಹಂಚಿದ್ದೇನೆ, ಎಲ್ಲರೂ ಕೈ ಚಾಚುತ್ತಿದ್ದರು.